ಮೈಯಳತೆಯ ಹಾಳೆ: ಖಾಯೆಲಿಚಾದ ಬಾಡಿ ಮ್ಯಾಪ್‌ಗಳ ಕಥೆ

ಭಾಗ 1/10 | ಇಲ್ಲದ ಬ್ರೇಕು

ಹೋದ ಸಲದ ಕೋಲಾರ ಗಣಿ ಸರಣಿ ಓದಿ ಮೆಸೇಜ್ ಮಾಡಿದವರಿಗೆಲ್ಲ ಥ್ಯಾಂಕ್ಸ್. ಈ ಸಲ ಸ್ವಲ್ಪ ದೂರ ಹೋಗೋಣ, ದಕ್ಷಿಣ ಆಫ್ರಿಕಾಕ್ಕೆ. ಆದ್ರೆ ಶುರು ಮಾಡೋದು ನನ್ನ ಬಲಗಾಲಿಂದ.

ಸೆಕೆಂಡ್ ಪಿಯುಸಿಯಲ್ಲಿದ್ದಾಗ ಅಣ್ಣನ ಬೈಕ್ ಓಡಿಸೋಕೆ ಹೋಗಿ ಬಿದ್ದು ಕಾಲು ಮುರ್ಕೊಂಡೆ. ಪ್ಲೇಟ್ ಹಾಕಿದ್ರು, ಆಮೇಲೆ ತೆಗೆದ್ರು. ಎಕ್ಸ್‌ರೇ ನೋಡಿದ ಡಾಕ್ಟರು ಮೂಳೆ ಚೆನ್ನಾಗಿ ಕೂಡ್ಕೊಂಡಿದೆ ಅಂದ್ರು. ಮನೆಯವರೂ ಎಲ್ಲ ಮುಗೀತು ಅಂದ್ಕೊಂಡ್ರು. ಆದರೆ ಇವತ್ತಿಗೂ ಬಸ್ಸಲ್ಲಿ ಕೂತಿದ್ದಾಗ ಡ್ರೈವರ್ ಸಡನ್ನಾಗಿ ಬ್ರೇಕ್ ಹಾಕಿದ್ರೆ, ನನ್ನ ಬಲಗಾಲು ತಾನಾಗೇ ನೆಲವನ್ನ ಒತ್ತುತ್ತೆ. ಬೈಕಿನ ಬ್ರೇಕ್ ಇರೋದು ಬಲಗಾಲ ಕೆಳಗೆ ತಾನೇ? ಬಸ್ಸಲ್ಲಿ ನನ್ನ ಕಾಲ ಕೆಳಗೆ ಬ್ರೇಕ್ ಇಲ್ಲ ಅಂತ ನನಗೆ ಗೊತ್ತು. ಕಾಲಿಗೆ ಗೊತ್ತಿಲ್ಲ.

ಇದನ್ನ ಹೇಳಿದ್ರೆ ಫ್ರೆಂಡ್ಸ್ ನಗ್ತಾರೆ, ನಾನೂ ನಗ್ತೀನಿ. ಆದರೆ ರಾತ್ರಿ ನಿದ್ದೆ ಕೆಡೋಕೆ ಶುರುವಾದಾಗ ನಮ್ಮ ಕಾಲೇಜಿನ ಕೌನ್ಸೆಲರ್ ಮೇಡಂ ಹತ್ರ ಹೋದೆ. ಅವರು ಒಂದು ಎ4 ಹಾಳೆ ಕೊಟ್ಟರು. ಅದರ ಮೇಲೆ ಮನುಷ್ಯನ ಆಕಾರದ ಖಾಲಿ ಗೆರೆ, ಅಷ್ಟೇ. "ಎಲ್ಲೆಲ್ಲಿ ಏನೇನು ಅನ್ಸುತ್ತೋ ಅಲ್ಲಿ ಬಣ್ಣ ಹಚ್ಚು" ಅಂದ್ರು. ಯುಕೆಜಿ ಮಕ್ಕಳ ಕೆಲಸ ಅಂತ ನನಗೆ ಒಳಗೊಳಗೇ ಬೇಜಾರಾಯ್ತು. ಮುಖ ನೋಡಿ ಮೇಡಂಗೆ ಗೊತ್ತಾಯ್ತೋ ಏನೋ. "ನಿನಗೆ ಇತಿಹಾಸ ಅಂದ್ರೆ ಇಷ್ಟ ಅಲ್ವಾ? ಈ ಹಾಳೆ ಎಲ್ಲಿಂದ ಬಂತು ಅಂತ ಹುಡುಕು, ಆಮೇಲೆ ಬಾ" ಅಂದ್ರು.

ಹುಡುಕಿದೆ. ಸಿಕ್ಕಿದ್ದನ್ನ ಹತ್ತು ಭಾಗದಲ್ಲಿ ನಿಮ್ಮ ಮುಂದೆ ಇಡ್ತಿದ್ದೀನಿ. ಸೇವ್ ಮಾಡಿಟ್ಕೊಳ್ಳಿ, ನಿಧಾನಕ್ಕೆ ಓದಿ. ಸಾವು, ಕಾಯಿಲೆ, ಹಿಂಸೆಯ ವಿಷಯ ಬರುತ್ತೆ. ಇವತ್ತು ಬೇಡ ಅನ್ಸಿದ್ರೆ ಇನ್ನೊಂದು ದಿನ ಬನ್ನಿ, ಪರವಾಗಿಲ್ಲ.

ಭಾಗ 2/10 | ಗಾಯ ಕಾಣದ ಸೈನಿಕರು

ಮನಸ್ಸಿಗಾದ ಪೆಟ್ಟು ಮೈಯಲ್ಲಿ ಕಾಣುತ್ತೆ ಅನ್ನೋದನ್ನ ವೈದ್ಯರು ಒಪ್ಪೋಕೆ ತುಂಬಾ ಕಾಲ ಹಿಡೀತು.

ಮೊದಲ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರು ಆಸ್ಪತ್ರೆಗೆ ಬಂದ್ರು. ಮೈಮೇಲೆ ಒಂದು ಗಾಯವೂ ಇಲ್ಲ. ಆದರೆ ಕೈಕಾಲು ನಡುಗುತ್ತೆ, ಕೆಲವರಿಗೆ ಮಾತೇ ನಿಂತುಹೋಗಿದೆ, ಕೆಲವರಿಗೆ ನಡೆಯೋಕೆ ಆಗ್ತಿಲ್ಲ. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಅನ್ನೋ ವೈದ್ಯ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದು 'ಶೆಲ್ ಶಾಕ್' ಅನ್ನೋ ಹೆಸರು ಬಳಸಿದರು. ಹತ್ತಿರದಲ್ಲಿ ಶೆಲ್ ಸಿಡಿದಿದ್ದರಿಂದ ಹೀಗಾಗಿದೆ ಅಂತ ಮೊದಲು ಅಂದ್ಕೊಂಡಿದ್ರು. ಶೆಲ್ ಹತ್ತಿರಕ್ಕೂ ಹೋಗದವರಿಗೆ ಅದೇ ನಡುಕ ಬಂದಾಗ ಆ ಲೆಕ್ಕ ತಪ್ಪಾಯ್ತು.

ಸೇನೆಗೆ ಮಾತ್ರ ಇದು ಹೇಡಿತನದ ಥರ ಕಂಡಿತು. ಓಡಿಹೋದ ಆರೋಪ, ಹೇಡಿತನದ ಆರೋಪ ಹೊರಿಸಿ ಬ್ರಿಟಿಷ್ ಸೇನೆ ತನ್ನದೇ ಸೈನಿಕರನ್ನ ಗುಂಡಿಟ್ಟು ಕೊಂದಿತು. ಅಂಥ 306 ಜನರಿಗೆ ಬ್ರಿಟನ್ ಸರ್ಕಾರ ಕ್ಷಮೆ ಕೊಟ್ಟಿದ್ದು 2006ರಲ್ಲಿ. ಸುಮಾರು ತೊಂಬತ್ತು ವರ್ಷ ಆದಮೇಲೆ. ಅವರಲ್ಲಿ ಶೆಲ್ ಶಾಕ್ ಆಗಿ ಆಸ್ಪತ್ರೆ ಸೇರಿ ಬಂದಿದ್ದವರೂ ಇದ್ದರು.

1942ರ ಹೊತ್ತಿಗೆ ಇನ್ನೊಂದು ದಾರಿ ಶುರುವಾಯ್ತು. ಏಡ್ರಿಯನ್ ಹಿಲ್ ಅನ್ನೋ ಇಂಗ್ಲಿಷ್ ಚಿತ್ರಕಾರ ಕ್ಷಯ ಬಂದು ಸ್ಯಾನಟೋರಿಯಂ ಸೇರಿದ್ರು. ಹಾಸಿಗೆ ಮೇಲೆ ಕೂತು ಕಣ್ಣೆದುರಿಗೆ ಇದ್ದದ್ದನ್ನೆಲ್ಲ ಬರೀತಾ ಕಾಲ ಕಳೆದ್ರು. ಆಮೇಲೆ ಅಲ್ಲಿದ್ದ ಬೇರೆ ರೋಗಿಗಳಿಗೂ, ಯುದ್ಧದಲ್ಲಿ ಗಾಯಗೊಂಡು ಬಂದವರಿಗೂ ಕಲಿಸಿದ್ರು. 'ಆರ್ಟ್ ಥೆರಪಿ' ಅನ್ನೋ ಪದ ಬಂದಿದ್ದು ಅವರಿಂದ.

ಕೊನೆಗೆ 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದವರ ಹೋರಾಟದ ನಂತರ, ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಪಿಟಿಎಸ್‌ಡಿ ಅನ್ನೋ ಹೆಸರನ್ನ ಸೇರಿಸಿತು.

ಇವೆಲ್ಲ ಯುದ್ಧದ ಕಥೆ, ಹೆಚ್ಚಾಗಿ ಗಂಡಸರ ಕಥೆ. ನನ್ನ ಕೈಗೆ ಬಂದ ಆ ಹಾಳೆ ಹುಟ್ಟಿದ್ದು ಬೇರೆ ಕಡೆ. ತಗಡಿನ ಮನೆಗಳ ನಡುವೆ, ಹೆಂಗಸರ ಒಂದು ಗುಂಪಿನಲ್ಲಿ.

ಭಾಗ 3/10 | ಹೊಸ ಮನೆ ಅನ್ನೋ ಊರು

ಕೇಪ್‌ಟೌನ್ ಅಂದ್ರೆ ನಿಮಗೆ ಏನು ನೆನಪಾಗುತ್ತೆ? ಕ್ರಿಕೆಟ್ ಮ್ಯಾಚಲ್ಲಿ ಹಿಂದೆ ಕಾಣೋ ಆ ಚಪ್ಪಟೆ ಬೆಟ್ಟ, ಅಲ್ವಾ? ಆ ಬೆಟ್ಟದಿಂದ ದೂರ, ಊರಾಚೆಯ ಮರಳು ಬಯಲಲ್ಲಿ ಖಾಯೆಲಿಚಾ ಅನ್ನೋ ಟೌನ್‌ಶಿಪ್ ಇದೆ. ಅಲ್ಲಿನ ಕೋಸಾ ಭಾಷೆಯಲ್ಲಿ ಆ ಹೆಸರಿನ ಅರ್ಥ 'ಹೊಸ ಮನೆ'.

ಹೆಸರು ಚೆನ್ನಾಗಿದೆ. ಆದರೆ ಊರು ಕಟ್ಟಿದ್ದು ವರ್ಣಭೇದ ಸರ್ಕಾರ, 1980ರ ದಶಕದಲ್ಲಿ, ಕಪ್ಪು ಜನರನ್ನ ನಗರದಿಂದ ಆಚೆ ಇಡೋಕೆ. 1994ರಲ್ಲಿ ನೆಲ್ಸನ್ ಮಂಡೇಲಾ ಅಧ್ಯಕ್ಷರಾದ್ರು, ಕಾನೂನು ಬದಲಾಯ್ತು. ತಗಡಿನ ಮನೆ, ದೂರದ ನಲ್ಲಿ, ನಿರುದ್ಯೋಗ ಅಷ್ಟು ಬೇಗ ಬದಲಾಗಲಿಲ್ಲ.

ಅದೇ ಹೊತ್ತಿಗೆ ಎಚ್‌ಐವಿ ಹರಡ್ತಿತ್ತು. 2000ನೇ ಇಸವಿ ಹೊತ್ತಿಗೆ ದಕ್ಷಿಣ ಆಫ್ರಿಕಾದ ಸರ್ಕಾರಿ ಆಸ್ಪತ್ರೆಗಳಿಗೆ ಬರ್ತಿದ್ದ ಗರ್ಭಿಣಿಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಎಚ್‌ಐವಿ ಇತ್ತು. ಇದನ್ನ ಇನ್ನೊಂದ್ಸಲ ಓದಿ. ನಿಮ್ಮ ಬೀದಿಯಲ್ಲಿ ಈಗ ಗರ್ಭಿಣಿಯಾಗಿರೋ ನಾಲ್ವರನ್ನ ನೆನೆಸ್ಕೊಳ್ಳಿ.

ಎಷ್ಟೋ ಹೆಂಗಸರಿಗೆ ತಮಗೆ ಎಚ್‌ಐವಿ ಇದೆ ಅಂತ ಗೊತ್ತಾಗ್ತಿದ್ದದ್ದೇ ಬಸಿರಿನ ಪರೀಕ್ಷೆಗೆ ಹೋದಾಗ. ಒಂದೇ ದಿನ ಎರಡು ಸುದ್ದಿ: ಮಗು ಬರ್ತಿದೆ, ಜೊತೆಗೆ ನಿನಗೆ ಈ ಕಾಯಿಲೆ ಇದೆ. ಮನೆಗೆ ಹೋಗಿ ಯಾರ ಹತ್ರ ಹೇಳ್ಬೇಕು? ಗಂಡ ಏನಂತಾನೆ? ಅತ್ತೆಮನೆ ಏನನ್ನುತ್ತೆ? ಬೇರೆ ದೇಶ, ಬೇರೆ ಭಾಷೆ, ಆದರೂ ಈ ಪ್ರಶ್ನೆಗಳನ್ನ ನಮಗೆ ಯಾರೂ ಅನುವಾದ ಮಾಡಿ ಹೇಳಬೇಕಿಲ್ಲ.

ಭಾಗ 4/10 | ಒಂದು ಜೀವದ ರೇಟು

ಈ ಭಾಗ ನಮ್ಮ ಬಿಕಾಂನವರಿಗೆ. ಬೇರೆಯವರೂ ಓದಿ, ಲೆಕ್ಕ ಸುಲಭ ಇದೆ.

1996ರ ಹೊತ್ತಿಗೇ ಎಚ್‌ಐವಿಯನ್ನ ಹಿಡಿದಿಡೋ ಔಷಧಿಗಳು ಬಂದಿದ್ದವು. ಮೂರು ಔಷಧಿ ಸೇರಿಸಿ ದಿನಾ ತಗೊಂಡ್ರೆ ವೈರಸ್ ಬೆಳೆಯೋಲ್ಲ, ಸಾಯೋ ಸ್ಥಿತಿಯಲ್ಲಿದ್ದವರು ಎದ್ದು ಓಡಾಡ್ತಾರೆ. ಇವಕ್ಕೆ ಎಆರ್‌ವಿ ಅಂತಾರೆ. ಆದರೆ ಬ್ರಾಂಡ್ ಕಂಪನಿಗಳ ಬೆಲೆ ಒಬ್ಬರಿಗೆ ವರ್ಷಕ್ಕೆ 10,000 ಡಾಲರ್‌ಗೂ ಜಾಸ್ತಿ. ಆಗಿನ ಲೆಕ್ಕದಲ್ಲಿ ನಾಲ್ಕು ಲಕ್ಷ ರೂಪಾಯಿ ದಾಟುತ್ತೆ. ಖಾಯೆಲಿಚಾದ ತಗಡಿನ ಮನೆಯಲ್ಲಿರೋರು ಎಲ್ಲಿಂದ ತರಬೇಕು?

ಇಲ್ಲಿ ನಮ್ಮ ದೇಶ ಬರುತ್ತೆ. ಬಿಸಿನೆಸ್ ಲಾ ಪೇಪರಲ್ಲಿ 1970ರ ಪೇಟೆಂಟ್ ಕಾಯ್ದೆ ಓದಿದ್ದು ನೆನಪಿದ್ಯಾ? ಆ ಕಾಯ್ದೆ ಪ್ರಕಾರ ಭಾರತದಲ್ಲಿ ಔಷಧಿಗೆ ಪೇಟೆಂಟ್ ಇರಲಿಲ್ಲ, ಅದನ್ನ ತಯಾರಿಸೋ ವಿಧಾನಕ್ಕೆ ಮಾತ್ರ ಇತ್ತು. ಬೇರೆ ವಿಧಾನದಲ್ಲಿ ಅದೇ ಔಷಧಿ ಮಾಡಬಹುದಿತ್ತು. 2001ರ ಫೆಬ್ರವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿ, ಯೂಸುಫ್ ಹಮೀದ್ ಅದರ ಮುಖ್ಯಸ್ಥರಾಗಿದ್ದಾಗ, ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಅಂತ ನಾವು ಕರೆಯೋ ಎಂಎಸ್‌ಎಫ್ ಸಂಸ್ಥೆಗೆ ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರ್‌ಗೆ ಈ ಔಷಧಿ ಕೊಡ್ತೀವಿ ಅಂತು. 350ನ್ನ 365ರಿಂದ ಭಾಗಿಸಿ. ದಿನಕ್ಕೆ ಒಂದು ಡಾಲರ್ ಕೂಡ ಆಗಲ್ಲ.

ಕಡಿಮೆ ಬೆಲೆಯ ಔಷಧಿಗೆ ದಾರಿ ಮಾಡೋ ಕಾನೂನಿನ ವಿರುದ್ಧ 39 ಔಷಧಿ ಕಂಪನಿಗಳು ದಕ್ಷಿಣ ಆಫ್ರಿಕಾ ಸರ್ಕಾರದ ಮೇಲೆ ಕೇಸ್ ಹಾಕಿದ್ದವು. ಜಗತ್ತೆಲ್ಲ ಛೀಮಾರಿ ಹಾಕಿದ ಮೇಲೆ 2001ರ ಏಪ್ರಿಲ್‌ನಲ್ಲಿ ಕೇಸ್ ವಾಪಸ್ ತಗೊಂಡ್ವು.

ಮುಂದಿನ ತಿಂಗಳು, ಅಂದ್ರೆ 2001ರ ಮೇನಲ್ಲಿ, ಖಾಯೆಲಿಚಾದಲ್ಲಿ ಎಂಎಸ್‌ಎಫ್ ಎಆರ್‌ವಿ ಕೊಡೋಕೆ ಶುರು ಮಾಡಿತು. 2002ರ ಜನವರಿಯಲ್ಲಿ ಅಲ್ಲಿನ ಹೋರಾಟಗಾರರು ಬ್ರೆಜಿಲ್‌ನಿಂದ ಅಗ್ಗದ ಜೆನೆರಿಕ್ ಮಾತ್ರೆಗಳನ್ನ ತಂದ್ರು.

ಔಷಧಿ ಬಂತು. ಹಾಗಾದ್ರೆ ಕಥೆ ಮುಗೀಬೇಕಿತ್ತು ಅಲ್ವಾ?

ಭಾಗ 5/10 | ಎದೆ ಮೇಲೆ ಬರೆದದ್ದು

ಮುಗೀಲಿಲ್ಲ. ಎರಡು ಕಾರಣ ಇತ್ತು.

ಒಂದು, ಸರ್ಕಾರ. ಆಗಿನ ಅಧ್ಯಕ್ಷ ಥಾಬೋ ಎಂಬೆಕಿ ಏಡ್ಸ್‌ಗೆ ಎಚ್‌ಐವಿಯೇ ಕಾರಣ ಅನ್ನೋದನ್ನೇ ಪ್ರಶ್ನೆ ಮಾಡ್ತಿದ್ರು. ಆರೋಗ್ಯ ಮಂತ್ರಿ ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆಹಣ್ಣು ತಿನ್ನಿ ಅಂತಿದ್ರು. ತಾಯಿಯಿಂದ ಮಗುವಿಗೆ ವೈರಸ್ ಹೋಗದಂತೆ ತಡೆಯೋ ಔಷಧಿಯನ್ನೂ ಎಲ್ಲ ಆಸ್ಪತ್ರೆಗಳಲ್ಲಿ ಕೊಡ್ತಿರಲಿಲ್ಲ. ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್ ಅನ್ನೋ ಸಂಘಟನೆ ಕೋರ್ಟಿಗೆ ಹೋಯ್ತು. 2002ರ ಜುಲೈ 5ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಔಷಧಿ ಕೊಡಲೇಬೇಕು ಅಂತ ಸರ್ಕಾರಕ್ಕೆ ಹೇಳಿತು. ಎಆರ್‌ವಿ ಕೊಡೋದು ತಡವಾಗಿದ್ದರಿಂದ 2000ದಿಂದ 2005ರ ನಡುವೆ 3,30,000ಕ್ಕೂ ಹೆಚ್ಚು ಜೀವ ಹೋಯ್ತು ಅಂತ ಹಾರ್ವರ್ಡ್ ಸಂಶೋಧಕರು 2008ರಲ್ಲಿ ಲೆಕ್ಕ ಹಾಕಿದ್ರು.

ಎರಡನೇದು, ಅಕ್ಕಪಕ್ಕದವರ ಭಯ. 1998ರ ಡಿಸೆಂಬರ್‌ನಲ್ಲಿ ಡರ್ಬನ್ ಹತ್ತಿರ ಗುಗು ಡ್ಲಾಮಿನಿ ಅನ್ನೋ ಮಹಿಳೆ ತನಗೆ ಎಚ್‌ಐವಿ ಇದೆ ಅಂತ ಬಹಿರಂಗವಾಗಿ ಹೇಳಿದ್ರು. ಕೆಲವೇ ದಿನಗಳಲ್ಲಿ ಅವರನ್ನ ಹೊಡೆದು ಕೊಂದ್ರು. ಹೊಡೆದವರು ಅವರದೇ ಸುತ್ತಮುತ್ತಲಿನ ಜನ.

ಇದಕ್ಕೆ ಹೋರಾಟಗಾರರು ಕೊಟ್ಟ ಉತ್ತರ ಒಂದು ಟೀ ಶರ್ಟ್. ಎದೆ ಮೇಲೆ ದೊಡ್ಡ ಅಕ್ಷರದಲ್ಲಿ 'ಎಚ್‌ಐವಿ ಪಾಸಿಟಿವ್'. ಕಾಯಿಲೆ ಇದ್ದವರೂ ಹಾಕ್ಕೊಂಡ್ರು, ಇಲ್ಲದವರೂ ಹಾಕ್ಕೊಂಡ್ರು. ಯಾರಿಗಿದೆ ಅಂತ ಹುಡುಕಿ ಹೊಡೆಯೋಕೆ ಬರೋರಿಗೆ ಈಗ ಎಷ್ಟು ಜನರನ್ನ ಹುಡುಕ್ಬೇಕು? 2002ರ ಡಿಸೆಂಬರ್‌ನಲ್ಲಿ ಮಂಡೇಲಾ ಖಾಯೆಲಿಚಾಕ್ಕೆ ಬಂದಾಗ ಅವರೂ ಅದೇ ಟೀ ಶರ್ಟ್ ಹಾಕ್ಕೊಂಡ್ರು.

ಟೀ ಶರ್ಟ್ ಬೀದಿಗೆ. ಆದ್ರೆ ಮನೆಗೆ ಹೋಗಿ ಅದನ್ನ ಬಿಚ್ಚಿದ ಮೇಲೆ, ಕೆಳಗಿರೋ ಮೈ? ಅದರ ಜೊತೆ ಹೇಗೆ ಬದುಕೋದು?

ಭಾಗ 6/10 | ಸಾಯೋಕೆ ಮುಂಚೆ ಒಂದು ಡಬ್ಬಿ

ಔಷಧಿ ಬರೋಕೆ ಮುಂಚಿನ ಮಾತು. ಉಗಾಂಡಾದಲ್ಲಿ ಎಚ್‌ಐವಿ ಇದ್ದ ತಾಯಂದಿರು 1990ರ ದಶಕದಲ್ಲಿ 'ನೆನಪಿನ ಪುಸ್ತಕ' ಬರೆಯೋಕೆ ಶುರು ಮಾಡಿದ್ರು. ನಾನು ಸತ್ತಮೇಲೆ ನನ್ನ ಮಗುಗೆ ನಾನು ಯಾರು ಅಂತ ಗೊತ್ತಾಗಬೇಕು. ನಮ್ಮ ಊರು ಯಾವುದು, ಅಜ್ಜಿ ಹೆಸರೇನು, ನೀನು ಹುಟ್ಟಿದ ದಿನ ಹೇಗಿತ್ತು, ಎಲ್ಲ ಅದರಲ್ಲಿ.

ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರಜ್ಞ ಜೊನಾಥನ್ ಮಾರ್ಗನ್ 'ಮೆಮೊರಿ ಬಾಕ್ಸ್' ಅನ್ನೋ ಯೋಜನೆ ನಡೆಸ್ತಿದ್ರು. ಇಲ್ಲಿ ಪುಸ್ತಕದ ಜೊತೆಗೆ ಡಬ್ಬಿ. ಫೋಟೋ, ಪತ್ರ, ಚಿಕ್ಕಪುಟ್ಟ ವಸ್ತು, ಕಥೆ, ಎಲ್ಲವನ್ನ ಸೇರಿಸಿ ಮಕ್ಕಳಿಗೆ ಬಿಟ್ಟುಹೋಗೋ ಡಬ್ಬಿ.

ಇದನ್ನ ಓದ್ತಾ ನಾನು ಫೋನ್ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ಅಮ್ಮನ ಟ್ರಂಕ್ ನೆನಪಾಯ್ತು. ಅದರಲ್ಲಿ ನನ್ನ ಮೊದಲನೇ ಸ್ವೆಟರ್ ಇದೆ. ಅಮ್ಮ ಅದನ್ನ ಇಟ್ಕೊಂಡಿರೋದು ತನಗೋಸ್ಕರ, ಆಗಾಗ ತೆಗೆದು ನೋಡೋಕೆ. ತಾನು ಇರೋದಿಲ್ಲ ಅಂತ ಗೊತ್ತಿದ್ದು ಮಗುವಿಗೋಸ್ಕರ ಸ್ವೆಟರ್ ಮಡಚಿ ಇಡೋ ತಾಯಿಯ ಕೈ ಹೇಗಿರಬಹುದು?

ಆಮೇಲೆ ಔಷಧಿ ಬಂತು. ತೂಕ ಕಳ್ಕೊಂಡು ಹಾಸಿಗೆ ಹಿಡಿದಿದ್ದವರು ಎದ್ದು ನಡೆದ್ರು. ಸಾಯೋಕೆ ತಯಾರಾಗಿದ್ದವರು ಈಗ ಬದುಕಬೇಕಿತ್ತು. ಕೇಳೋಕೆ ಇದು ಖುಷಿಯ ವಿಷಯ ಅಷ್ಟೇ ಅನ್ಸುತ್ತೆ. ಆದರೆ ಯೋಚನೆ ಮಾಡಿ. ಮಗು ಕಳ್ಕೊಂಡ ಮೈ ಅದು, ಗಂಡ ಬಿಟ್ಟುಹೋದ ಮೈ ಅದು, ನೆಂಟರು ಮುಟ್ಟೋಕೆ ಹೆದರಿದ ಮೈ ಅದು. ಇನ್ನೇನು ಮುಗೀತು ಅಂತ ಬೀಳ್ಕೊಟ್ಟಾಗಿದ್ದ ಆ ಮೈಯೊಳಗೇ ವಾಪಸ್ ಹೋಗಿ ಸಂಸಾರ ಹೂಡಬೇಕು.

ಡಬ್ಬಿ ಇದಕ್ಕೆ ಸಾಕಾಗಲ್ಲ. ಡಬ್ಬಿ ಇದ್ದದ್ದು ಹೋಗೋರಿಗೆ. ಉಳಿಯೋರಿಗೆ ಬೇರೆ ಏನೋ ಬೇಕಿತ್ತು.

ಭಾಗ 7/10 | 2002: ಹಾಳೆ ಮೇಲೆ ಮಲಗಿದವರು

ಖಾಯೆಲಿಚಾದಲ್ಲಿ ಎಚ್‌ಐವಿ ಇದ್ದವರದ್ದೇ ಒಂದು ಗುಂಪಿತ್ತು, ಬಂಬನಾನಿ ಮಹಿಳಾ ಗುಂಪು ಅಂತ. 'ಬಂಬನಾನಿ' ಅಂದ್ರೆ ಕೋಸಾ ಭಾಷೆಯಲ್ಲಿ 'ಒಬ್ಬರನ್ನೊಬ್ಬರು ಹಿಡ್ಕೊಳ್ಳಿ'. ಈ ಅರ್ಥ ನೆನಪಿಟ್ಕೊಳ್ಳಿ, ಮುಂದಿನ ಭಾಗದಲ್ಲಿ ಬೇಕಾಗುತ್ತೆ.

2002ರಲ್ಲಿ ಜೇನ್ ಸಾಲೊಮನ್ ಅನ್ನೋ ಕಲಾವಿದೆ ಈ ಗುಂಪಿನ ಜೊತೆ ಕೂತ್ರು. ಮೆಮೊರಿ ಬಾಕ್ಸ್ ಯೋಜನೆ, ಎಂಎಸ್‌ಎಫ್ ಜೊತೆಗಿದ್ದವು. ನೆಲದ ಮೇಲೆ ಆಳೆತ್ತರದ ಹಾಳೆ ಹಾಸಿದ್ರು. ಒಬ್ಬರು ಅದರ ಮೇಲೆ ಮಲಗೋದು, ಇನ್ನೊಬ್ಬರು ಮೈ ಸುತ್ತ ಗೆರೆ ಎಳೆಯೋದು. ಎದ್ದು ನೋಡಿದ್ರೆ ನಿಮ್ಮಷ್ಟೇ ಎತ್ತರದ ಒಂದು ಖಾಲಿ ಆಕಾರ ನೆಲದ ಮೇಲೆ ಇರುತ್ತೆ. ಅದನ್ನ ಬಣ್ಣ, ಚಿಹ್ನೆ, ಅಕ್ಷರಗಳಿಂದ ತುಂಬಬೇಕು. ಹೀಗೆ ತಯಾರಾದ ಚಿತ್ರಕ್ಕೇ ಬಾಡಿ ಮ್ಯಾಪ್ ಅಂತಾರೆ.

ಮೈಯ ನಕ್ಷೆ ಬರೆಸೋದು ಆಗಲೇ ಹೊಸದೇನೂ ಅಲ್ಲ. 1990ರ ದಶಕದ ಶುರುವಲ್ಲಿ ಆಂಡ್ರಿಯಾ ಕಾರ್ನ್‌ವಾಲ್ ಅನ್ನೋ ಸಂಶೋಧಕಿ ಜಿಂಬಾಬ್ವೆಯ ಹಳ್ಳಿ ಹೆಂಗಸರ ಹತ್ರ ಹೀಗೇ ನಕ್ಷೆ ಬರೆಸಿದ್ದರು. ಗರ್ಭ ಎಲ್ಲಿದೆ, ಹೇಗೆ ಕೆಲಸ ಮಾಡುತ್ತೆ ಅಂತ ಅವರು ಅಂದ್ಕೊಂಡಿದ್ದಾರೆ ಅನ್ನೋದನ್ನ ತಿಳ್ಕೊಳ್ಳೋಕೆ. ಅಲ್ಲಿ ನಕ್ಷೆ ಮಾಹಿತಿಗೆ. ಖಾಯೆಲಿಚಾದಲ್ಲಿ ಅದು ಬರೆದವರಿಗೇ ಬೇಕಾದ ಕೆಲಸ ಆಯ್ತು.

ಆ ನಕ್ಷೆಗಳು, ಅವುಗಳ ಹಿಂದಿನ ಕಥೆಗಳು ಸೇರಿ 2003ರಲ್ಲಿ ಒಂದು ಪುಸ್ತಕ ಬಂತು. ಹೆಸರು 'ಲಾಂಗ್ ಲೈಫ್', ಅಂದ್ರೆ ದೀರ್ಘಾಯುಷ್ಯ. ಕೆಲವೇ ವರ್ಷದ ಹಿಂದೆ ಸಾವಿಗೆ ಡಬ್ಬಿ ತುಂಬಿಸ್ತಿದ್ದ ಊರಲ್ಲಿ ಈ ಹೆಸರಿನ ಪುಸ್ತಕ. ನಮ್ಮಲ್ಲಿ ಹಿರಿಯರ ಕಾಲಿಗೆ ಬಿದ್ದಾಗ "ನೂರು ವರ್ಷ ಬಾಳು" ಅಂತಾರಲ್ಲ, ಅದನ್ನ ಅವರು ತಮಗೆ ತಾವೇ ಹೇಳ್ಕೊಂಡ ಹಾಗಿದೆ.

ಭಾಗ 8/10 | ಒಂದೊಂದೇ ಹೆಜ್ಜೆ

ಸರಿ, ಹಾಳೆ ಮೇಲೆ ಏನೇನು ಬರೀತಾರೆ? ಜೇನ್ ಸಾಲೊಮನ್ ಆಮೇಲೆ ಈ ವಿಧಾನವನ್ನ ಬೇರೆಯವರೂ ನಡೆಸೋ ಹಾಗೆ ಒಂದು ಕೈಪಿಡಿ ಮಾಡಿದ್ರು. ಮಕ್ಕಳ ಮಾನಸಿಕ ಆರೋಗ್ಯಕ್ಕೆ ದುಡಿಯೋ ರೆಪ್ಸಿ ಅನ್ನೋ ಆಫ್ರಿಕಾದ ಸಂಸ್ಥೆ ಅದನ್ನ ಪ್ರಕಟಿಸಿತು. ಅದರ ದಾರಿ ಹೆಚ್ಚುಕಮ್ಮಿ ಹೀಗಿದೆ. ಓದ್ತಾ ಓದ್ತಾ ನಿಮ್ಮನ್ನ ಅಲ್ಲಿಟ್ಟು ನೋಡ್ಕೊಳ್ಳಿ.

ಮೊದಲು ಹೇಗೆ ಮಲಗ್ತೀರಿ ಅನ್ನೋದನ್ನ ನೀವೇ ಆರಿಸ್ಕೋಬೇಕು. ಕೈ ಮೇಲೆತ್ತಿ, ಮುದುಡಿಕೊಂಡು, ಕಾಲು ಅಗಲಿಸಿ, ನಿಮ್ಮಿಷ್ಟ. ಗೆರೆ ಎಳೆಯೋದು ಜೊತೆಗಾರರು.

ಆಮೇಲೆ ಅದೇ ಹಾಳೆ ಮೇಲೆ ಆ ಜೊತೆಗಾರರ ಗೆರೆಯೂ ಬರುತ್ತೆ, ಬೇರೆ ಬಣ್ಣದಲ್ಲಿ, ನಿಮ್ಮ ಹಿಂದೆ ನೆರಳಿನ ಥರ. ನಿಮಗೆ ಆಸರೆಯಾದವರು ಇವರು ಅಂತ ಗುರುತು. ಬಂಬನಾನಿ ಅಂದ್ರೆ ಒಬ್ಬರನ್ನೊಬ್ಬರು ಹಿಡ್ಕೊಳ್ಳಿ ಅಂತ ಹೇಳಿದ್ನಲ್ಲ, ಇದೇ ಅದು.

ಆಮೇಲೆ ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗಬೇಕು ಅಂತಿದ್ದೀರಿ ಅನ್ನೋದಕ್ಕೆ ಒಂದೊಂದು ಚಿತ್ರ, ಎರಡನ್ನೂ ಸೇರಿಸೋ ದಾರಿ. ಮೈಯಲ್ಲಿ ನಿಮ್ಮ ಶಕ್ತಿ ಎಲ್ಲಿದೆ ಅಂತ ಕಣ್ಣುಮುಚ್ಚಿ ಹುಡುಕಿ ಅಲ್ಲೊಂದು ಗುರುತು.

ಇಷ್ಟಾದ ಮೇಲೇ ಗಾಯದ ಸರದಿ. ಮೊದಲು ಚರ್ಮದ ಮೇಲಿನ ಕಲೆಗಳು: ಹೊಲಿಗೆ, ಸುಟ್ಟ ಗುರುತು, ಹೆರಿಗೆಯ ಗುರುತು. ಆಮೇಲೆ ಚರ್ಮದ ಕೆಳಗಿನದು: ವೈರಸ್, ಮಾತ್ರೆ, ಭಯ, ಕೋಪ. ಕೊನೆಗೆ ಮುಖ, ಮತ್ತೆ ನೋಡೋರಿಗೆ ಒಂದು ಮಾತು. ಎಲ್ಲ ಮುಗಿದ ಮೇಲೆ ಗುಂಪಿನ ಮುಂದೆ ಹೇಳೋದು, ಹೇಳಬೇಕು ಅನಿಸಿದಷ್ಟು ಮಾತ್ರ.

ಈ ಕ್ರಮ ಗಮನಿಸಿ. ನಾನಾಗಿದ್ರೆ ನೇರ ಗಾಯದಿಂದಲೇ ಶುರು ಮಾಡ್ತಿದ್ದೆ. ಇಲ್ಲಿ ಮೊದಲು ಜೊತೆಗಾರರು, ಆಮೇಲೆ ಊರು, ಕನಸು, ಶಕ್ತಿ, ಅವೆಲ್ಲ ಹಾಳೆ ಮೇಲೆ ಬಂದು ಕೂತ ಮೇಲೇ ನೋವು. ನೋವು ಬರೆಯೋ ಹೊತ್ತಿಗೆ ನೀವು ಒಂಟಿ ಇರಲ್ಲ, ಹಾಳೆಯೂ ಖಾಲಿ ಇರಲ್ಲ. ಮಾತಲ್ಲಿ "ನಿನಗೇನಾಯ್ತು ಹೇಳು" ಅಂದ್ರೆ ಗಂಟಲು ಕಟ್ಟುತ್ತೆ. "ಎಲ್ಲಿ, ಯಾವ ಬಣ್ಣ" ಅಂದ್ರೆ ಕೈ ಹೋಗಿ ತೋರಿಸುತ್ತೆ.

ಭಾಗ 9/10 | ಬಣ್ಣ ಮಾತ್ರೆಯಲ್ಲ

ಇಲ್ಲಿಗೆ ಬಂದವರು ಈ ಭಾಗ ದಯವಿಟ್ಟು ಸ್ಕಿಪ್ ಮಾಡ್ಬೇಡಿ.

ಬಂಬನಾನಿ ಹೆಂಗಸರನ್ನ ಉಳಿಸಿದ್ದು ಚಿತ್ರ ಅಲ್ಲ, ಎಆರ್‌ವಿ. ಬೆಳ್ಳುಳ್ಳಿ ತಿನ್ನಿ ಅಂತ ಮಂತ್ರಿ ಹೇಳ್ತಿದ್ದ ದೇಶದಲ್ಲಿ ಅವರು ಹಟ ಹಿಡಿದು ದಿನಾ ಮಾತ್ರೆ ನುಂಗಿದ್ರು. ಹಾಗಾಗಿ ಯಾರಾದ್ರೂ "ಬಣ್ಣ ಹಚ್ಚಿದ್ರೆ ಎಲ್ಲ ವಾಸಿಯಾಗುತ್ತೆ, ಮಾತ್ರೆ ಬಿಡಿ" ಅಂದ್ರೆ ಅವರಿಗೆ ಈ ಇತಿಹಾಸವೇ ಉತ್ತರ. ಬಾಡಿ ಮ್ಯಾಪ್ ಮೇಲಿನ ಸಂಶೋಧನೆಗಳೂ ಹೆಚ್ಚಾಗಿ ಸಣ್ಣ ಗುಂಪುಗಳ ಜೊತೆ ನಡೆದವು, ಅವರ ಅನುಭವ ಕೇಳಿ ಬರೆದವು. ಔಷಧಿ ಪರೀಕ್ಷೆ ಥರದ ದೊಡ್ಡ ಲೆಕ್ಕ ಅಲ್ಲ.

ಇನ್ನೊಂದು, ಇದನ್ನ ರೂಮಲ್ಲಿ ಒಬ್ಬರೇ ಕೂತು ಮಾಡೋ ಚಾಲೆಂಜ್ ಮಾಡ್ಬೇಡಿ. ಮುಚ್ಚಿಟ್ಟ ಗಾಯ ತೆಗೆದ ಮೇಲೆ ಪಕ್ಕದಲ್ಲಿ ಗೊತ್ತಿರೋರು ಬೇಕು. ಗುಂಪಲ್ಲಿ ಮಾಡೋವಾಗ ನಡೆಸಿಕೊಡೋಕೆ ತರಬೇತಿ ಆದವರು ಇರೋದು ಅದಕ್ಕೇ.

ಮೂರನೇದು ನಮ್ಮಂಥ ಫೋಟೋ ಹಾಕೋರಿಗೆ. ನಕ್ಷೆ ಯಾರದು? ಬರೆದವರದ್ದು. ತೋರಿಸಬೇಕೋ ಬೇಡವೋ ಅನ್ನೋದು ಅವರ ತೀರ್ಮಾನ. ಟೊರೊಂಟೊ ವಿಶ್ವವಿದ್ಯಾಲಯದ ಡೆನಿಸ್ ಗಸ್ಟಾಲ್ಡೊ ಮತ್ತು ಜೊತೆಯವರು ಕಾಗದಪತ್ರ ಇಲ್ಲದೆ ಕೆನಡಾದಲ್ಲಿ ದುಡೀತಿದ್ದ ವಲಸೆ ಕಾರ್ಮಿಕರ ಜೊತೆ ಇದೇ ವಿಧಾನ ಬಳಸಿದ್ರು. ಅಂಥವರಿಗೆ ಗುರುತು ಸಿಕ್ಕಿದ್ರೆ ದೇಶ ಬಿಡಬೇಕಾಗುತ್ತೆ. ಅಲ್ಲಿ ನಕ್ಷೆಯ ಅನುಕೂಲವೇ ಇದು: ಮುಖ ತೋರಿಸದೆ, ಹೆಸರು ಹೇಳದೆ, ಬೆನ್ನುನೋವು, ಒಂಟಿತನ, ಊರಿನ ನೆನಪು ಎಲ್ಲವನ್ನ ಹೇಳಬಹುದು.

ಇದಕ್ಕೇ ಈ ಸರಣಿಯ ಸ್ಲೈಡ್‌ಗಳಲ್ಲಿ ಬಂಬನಾನಿ ಹೆಂಗಸರ ನಕ್ಷೆಗಳ ಫೋಟೋ ಹಾಕಿಲ್ಲ. ಅವರು ಪುಸ್ತಕಕ್ಕೆ ಒಪ್ಪಿದ್ರು, ನನ್ನ ಪೇಜಿಗೆ ಅಲ್ಲ. ನೀವು ನೋಡ್ತಿರೋ ಗೆರೆಗಳೆಲ್ಲ ನಾನೇ ಬಾಲ್‌ಪೆನ್ನಲ್ಲಿ ಎಳೆದದ್ದು. ಕೈ ಸ್ವಲ್ಪ ಸೊಟ್ಟ ಇದೆ, ಅಡ್ಜಸ್ಟ್ ಮಾಡ್ಕೊಳ್ಳಿ.

ಭಾಗ 10/10 | ವಾಪಸ್ ಬಲಗಾಲಿಗೆ

ನಮ್ಮ ಕಡೆ ಬರೋಣ. ಭಾರತದಲ್ಲಿ ಸರ್ಕಾರ ಎಆರ್‌ವಿಯನ್ನ ಉಚಿತವಾಗಿ ಕೊಡೋಕೆ ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಲೆಕ್ಕ ಹಾಕಿ ನೋಡಿ: ಕಡಿಮೆ ಬೆಲೆಗೆ ಔಷಧಿ ಕೊಡ್ತೀವಿ ಅಂತ ಮುಂಬೈನ ಕಂಪನಿ ಜಗತ್ತಿಗೆ ಹೇಳಿದ್ದು 2001ರಲ್ಲಿ, ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತವಾಗಿ ಸಿಕ್ಕಿದ್ದು ಮೂರು ವರ್ಷ ಆದಮೇಲೆ. ಎಚ್‌ಐವಿ ಇದೆ ಅಂತ ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ಹೊರಗೆ ಹಾಕೋದು ತಪ್ಪು ಅನ್ನೋ ಕಾಯ್ದೆ ಬಂದಿದ್ದು 2017ರಲ್ಲಿ. ಮಾತ್ರೆ ಸಿಗ್ತಿದೆ, ಕಾಯ್ದೆ ಇದೆ. "ಅವರ ಮನೇಲಿ ನೀರು ಕುಡೀಬೇಡ" ಅನ್ನೋರು ಇನ್ನೂ ಇದ್ದಾರೆ. ನಿಮಗೂ ಗೊತ್ತು, ನನಗೂ ಗೊತ್ತು.

ನನ್ನ ಕಾಲು ಮುರಿದದ್ದನ್ನ ಖಾಯೆಲಿಚಾದ ಹೆಂಗಸರ ನೋವಿನ ಪಕ್ಕ ಇಡೋಕೆ ನಾಚಿಕೆ ಆಗುತ್ತೆ. ಇಡ್ತಾನೂ ಇಲ್ಲ. ಆದರೆ ಅವರಿಂದ ಒಂದು ವಿಷಯ ಕಲಿತೆ. "ಹುಷಾರಾದ್ಯಲ್ಲ, ಇನ್ನೇನು" ಅನ್ನೋ ಮಾತು ಯಾರಿಗೂ ಹೇಳಬಾರದು. ರಿಪೋರ್ಟ್ ಸರಿಯಾದ ಮೇಲೆ ಶುರುವಾಗೋ ಕೆಲಸವೂ ಇರುತ್ತೆ, ಅದಕ್ಕೆ ಟೈಮ್ ಬೇಕು, ಜೊತೆಗೆ ಒಬ್ಬರು ಬೇಕು.

ಮೇಡಂ ಹತ್ರ ವಾಪಸ್ ಹೋದೆ. ಹುಡುಕಿದ್ದನ್ನೆಲ್ಲ ಹೇಳಿದೆ. ಅವರು ಅದೇ ಎ4 ಹಾಳೆ ಮತ್ತೆ ಕೊಟ್ಟರು. ನಾನು ದೊಡ್ಡದು ಕೇಳಿದೆ. ಒಂದು ಚಾರ್ಟ್ ಪೇಪರ್ ಕೊಟ್ಟು, ನಿಧಾನ, ಈ ವಾರ ಕಾಲು ಸಾಕು ಅಂದ್ರು. ಹಾಸ್ಟೆಲ್‌ಗೆ ಬಂದು ರೂಮ್‌ಮೇಟ್ ಹತ್ರ "ನನ್ನ ಬಲಗಾಲ ಸುತ್ತ ಗೆರೆ ಎಳೀತೀಯಾ?" ಅಂದೆ. ಯಾಕೆ ಅಂತ ಕೇಳಲಿಲ್ಲ. ಸ್ಕೆಚ್ ಪೆನ್ ತಗೊಂಡು ನೆಲದ ಮೇಲೆ ಕೂತ್ಬಿಟ್ಟಿತು ಆ ಜೀವ. ಹೊಲಿಗೆಯ ಕಲೆ ಹತ್ರ ಬಂದಾಗ ಮಾತ್ರ ಪೆನ್ ನಿಲ್ಲಿಸಿ "ನೋಯುತ್ತಾ?" ಅಂತ ಕೇಳಿತು. ಬಿದ್ದು ಇಷ್ಟು ದಿನ ಆದಮೇಲೆ ಹಾಗೆ ಕೇಳಿದವರು ಅದೇ ಮೊದಲು.

ಗೆರೆಯೊಳಗೆ ಇನ್ನೂ ಏನೂ ಬರೆದಿಲ್ಲ. ಹಾಳೆ ಕಪಾಟಿನ ಮೇಲಿದೆ. ಬಸ್ಸಲ್ಲಿ ಕಾಲು ಇವತ್ತು ಬೆಳಗ್ಗೆಯೂ ನೆಲ ಒತ್ತಿತು.

ನಿಮಗೂ ಯಾರ ಹತ್ರಾನಾದ್ರೂ ಮಾತಾಡಬೇಕು ಅನ್ಸಿದ್ರೆ, ಸರ್ಕಾರದ ಟೆಲಿ ಮಾನಸ್ ನಂಬರ್ 14416, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಎಚ್‌ಐವಿ ಬಗ್ಗೆ ಕೇಳೋದಿದ್ರೆ 1097. ಈ ಸರಣಿ ಯಾರಿಗಾದ್ರೂ ಬೇಕಾಗುತ್ತೆ ಅನ್ಸಿದ್ರೆ ಅವರಿಗೆ ಕಳಿಸಿ, ಸ್ಟೋರಿಗೆ ಹಾಕ್ಲೇಬೇಕು ಅಂತಿಲ್ಲ. ಮುಂದಿನ ಸರಣಿ ಇಂಟರ್ನಲ್ಸ್ ಮುಗಿದ ಮೇಲೆ. ಕಾಸ್ಟ್ ಅಕೌಂಟಿಂಗ್ ನನ್ನನ್ನ ಬಿಟ್ರೆ.

#ಇತಿಹಾಸ #ಬಾಡಿಮ್ಯಾಪ್ #ಖಾಯೆಲಿಚಾ #ಮಾನಸಿಕಆರೋಗ್ಯ #ಕನ್ನಡದಲ್ಲಿಓದಿ